ಗೌರವದ ಗುರುತು

ಅಜ್ಜಿಯ ಕಥೆಗಳಲ್ಲಿ ರಾಜಕುಮಾರರು ಯಾವಾಗಲೂ ಗಾಳಿಗಿಂತ ಮುಂದೆ ಓಡುತ್ತಿದ್ದರು. ಅಜ್ಜಿಯ ಸ್ವಂತ ಮಗ, ಅಂದರೆ ನನ್ನ ಸೋದರಮಾವ, ಹಿಂದಿನಿಂದ ಗಾಳಿ ಬಂದರೂ ಪಕ್ಕಕ್ಕೆ ಸರಿದು ‘ನೀವು ಮೊದಲು ಹೋಗಿ’ ಎನ್ನುವ ಪೈಕಿ.

ಅವನದು ಡ್ರೈವಿಂಗ್ ಸ್ಕೂಲು. ಕಲಿಯುವವರ ಕಾಲಿಗೊಂದು, ಪಕ್ಕದಲ್ಲಿ ಕೂರುವ ಮಾವನ ಕಾಲಿಗೊಂದು, ಹೀಗೆ ಎರಡು ಬ್ರೇಕಿರುವ ಕಾರು. ವರ್ಷಗಟ್ಟಲೆ ಪರರ ಪ್ರಾಣ ಉಳಿಸಿ ಉಳಿಸಿ ಅವನ ಬಲಗಾಲಿಗೆ ತನ್ನದೇ ಬುದ್ಧಿ ಬಂದುಬಿಟ್ಟಿತ್ತು. ಊಟಕ್ಕೆ ಕೂತಾಗ ಅತ್ತೆ ಕೊಂಚ ಜೋರಾಗಿ ಮಾತಾಡಿದರೂ ಸಾಕು, ಮೇಜಿನ ಕೆಳಗೆ ಆ ಕಾಲು ಇಲ್ಲದ ಬ್ರೇಕನ್ನು ದಡಕ್ಕನೆ ಒತ್ತುತ್ತಿತ್ತು. ಅತ್ತೆಯೇನೂ ನಿಲ್ಲುತ್ತಿರಲಿಲ್ಲ. ಕಾಲು ಮಾತ್ರ ತನ್ನ ಕರ್ತವ್ಯ ಬಿಡುತ್ತಿರಲಿಲ್ಲ. ಕಲಿಯಲು ಬಂದವರೆಲ್ಲ ಮಾವನನ್ನು ‘ನಿಧಾನಿ ಮೇಷ್ಟ್ರು’ ಎಂದು ಕರೆಯುತ್ತಿದ್ದರು. ಅದನ್ನವನು ಬಿರುದೆಂದೇ ತಿಳಿದಿದ್ದ.

ಇಂಥವನು ರೇಸಿಗೆ ಬಿದ್ದದ್ದು ಲಿಫ್ಟಣ್ಣನಿಂದ. ಲಿಫ್ಟಣ್ಣ ಮಾವನ ಗೆಳೆಯ, ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವನು. “ದಿನಾ ಮೇಲಕ್ಕೆ ಕೆಳಕ್ಕೆ ಹೋಗಿ ಸಾಕಾಯ್ತು ಮೇಷ್ಟ್ರೇ, ಸಾಯೋದ್ರೊಳಗೆ ಒಂದ್ಸಲ ಮುಂದಕ್ಕೆ ಹೋಗ್ಬೇಕು” ಎಂದು ಅವನೊಂದು ಹಳೆಯ ಫಾರ್ಮುಲಾ ಕಾರನ್ನು ಎಲ್ಲಿಂದಲೋ ಎಳೆದು ತಂದ. ಸೌತೆಕಾಯಿಗೆ ನಾಲ್ಕು ಚಕ್ರ ಚುಚ್ಚಿದಂತಿತ್ತು. ಬಾಗಿಲಿಲ್ಲ, ಚಾವಣಿಯಿಲ್ಲ, ಒಬ್ಬರಿಗೆ ಮಾತ್ರ ಜಾಗ. ಆ ಜಾಗದಲ್ಲಿ ಲಿಫ್ಟಣ್ಣನ ಹೊಟ್ಟೆ ಹಿಡಿಸಲಿಲ್ಲ. ಉಸಿರು ಬಿಗಿಹಿಡಿದು ನೋಡಿದ, ಎಣ್ಣೆ ಸವರಿ ನೋಡಿದ. ಕೊನೆಗೆ ಕಣ್ಣಲ್ಲಿ ನೀರು ತುಂಬಿಕೊಂಡು ಮಾವನ ಕಡೆ ತಿರುಗಿದ. ಯಾರಿಗೂ ಇಲ್ಲ ಎನ್ನಲು ಬಾರದ ನನ್ನ ಮಾವ ಹಾಗೆ ಶನಿವಾರ ಭಾನುವಾರಗಳ ರೇಸುಗಾರನಾದ.

ರೇಸು ನಡೆಸುವ ಕ್ಲಬ್ಬಿನಲ್ಲಿ ಒಂದು ನಿಯಮವಿತ್ತು. ಹೊಸಬರು ಕಾರಿನ ಬೆನ್ನಿಗೆ ಬಿಳಿ ಚೌಕದ ಮೇಲೆ ಕರಿ ಇಂಟು ಮಾರ್ಕಿನ ಚೀಟಿ ಅಂಟಿಸಬೇಕು: ‘ಇವನಿನ್ನೂ ಕಲಿಯುತ್ತಿದ್ದಾನೆ, ದೂರವಿರಿ’ ಎಂದರ್ಥ. ಒಂದೇ ಒಂದು ರೇಸನ್ನು ಕೊನೆಯವರೆಗೆ ಮುಗಿಸಿದರೆ ಅದನ್ನು ಕಿತ್ತುಹಾಕಬಹುದು. ಆ ವರ್ಷದೊಳಗೆ ಮುಗಿಸದಿದ್ದರೆ ಮತ್ತೆ ಮೊದಲಿನಿಂದ ತರಗತಿಗೆ ಹೋಗಿ ಬೆಂಚಿನ ಮೇಲೆ ಕೂರಬೇಕು. ಜೀವಮಾನವಿಡೀ ಬೇರೆಯವರ ಕಾರಿಗೆ ಕಲಿಯುವವರ ಫಲಕ ಕಟ್ಟಿದವನ ಬೆನ್ನಿಗೇ ಈಗ ಫಲಕ! ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದ ದಿನ ಅಜ್ಜಿ ಕಿಟಕಿಯಿಂದ ಇಣುಕಿ ಕೇಳಿದಳು.

“ಏನೋ ಅದು, ಹಿಂದುಗಡೆ ಇಂಟು ಮಾರ್ಕು? ತಪ್ಪು ಮಾಡಿದ್ದಕ್ಕೆ ಹಾಕಿದ್ರಾ?”

ಮಾವ ತಬ್ಬಿಬ್ಬಾದ. “ಇಲ್ಲಮ್ಮಾ, ಅದು... ಅದೊಂಥರಾ ಗೌರವದ ಗುರುತು. ಅದನ್ನ ನೋಡಿದ್ರೆ ಬೇರೆಯವರೆಲ್ಲ ದೂರ ಇರ್ಬೇಕು.”

ಎರಡನೆಯ ವಾಕ್ಯ ಅಪ್ಪಟ ನಿಜ. ಮೊದಲನೆಯದು ಅದರ ಹೆಗಲ ಮೇಲೆ ಕೂತು ಮನೆಯೊಳಕ್ಕೆ ಬಂತು. ಮರುದಿನ ಹಾಲಿನವಳಿಗೆ ತಿಳಿಯಿತು, ಸಂಜೆಗೆ ಬೀದಿಗೆಲ್ಲ. “ನನ್ನ ಮಗನ ಹತ್ರ ಸುಳಿಯೋ ಹಾಗಿಲ್ಲ ಯಾರೂ. ಗೌರವದ ಗುರುತು ಕೊಟ್ಟಿದ್ದಾರೆ” ಎಂದು ಅಜ್ಜಿ ಕಿಟಕಿಯಲ್ಲೇ ಕೂತು ಸಾರಿದಳು.

ಕಿಟಕಿಯಲ್ಲೇ, ಏಕೆಂದರೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗಿನಿಂದ ಅವಳು ಹೊಸ್ತಿಲು ದಾಟಿರಲಿಲ್ಲ. ಮೂಳೆ ಕೂಡಿತ್ತು. ಡಾಕ್ಟರು ನಾಲ್ಕು ಕಾಲಿನ ಒಂದು ವಾಕರನ್ನೂ ಕೊಟ್ಟು ‘ಹಿಡ್ಕೊಂಡು ನಡೀರಿ’ ಅಂದಿದ್ದರು. ಅಜ್ಜಿ ಅದನ್ನು ಮುಟ್ಟಲಿಲ್ಲ. ನನ್ನತ್ತ ಬೆರಳು ಮಾಡಿ ಹೇಳಿದಳು: “ಮಕ್ಕಳು ನಡೆಯೋಕೆ ಕಲಿಯೋ ಗಾಡಿ ಅದು. ನಾನು ಇವಳ ಅಮ್ಮನಿಗೆ ನಡೆಯೋಕೆ ಕಲಿಸಿದೋಳು, ಇವಳಿಗೂ ಕಲಿಸಿದೋಳು. ಈಗ ಬೀದಿಯಲ್ಲಿ ತಳ್ಕೊಂಡು ಹೋಗಿ, ನೋಡಿ ನಾನೂ ಕಲೀತಿದ್ದೀನಿ ಅನ್ಲಾ?” ವಾಕರು ಬಾಗಿಲ ಹಿಂದೆ ನಿಂತು ಮನೆಮಂದಿಯ ಕಾಲುಚೀಲ ಒಣಗಿಸುವ ಕೆಲಸಕ್ಕೆ ಸೇರಿಕೊಂಡಿತು.

ಇತ್ತ ಮಾವ ಒಂದು ರೇಸನ್ನೂ ಮುಗಿಸಲಿಲ್ಲ. ಮೊದಲ ಸಲ ಶುರುವಿನಲ್ಲೇ ‘ನೀವು ಹೋಗಿ, ನೀವು ಹೋಗಿ’ ಎಂದು ಎಲ್ಲರನ್ನೂ ಕಳಿಸಿಕೊಟ್ಟು, ಆಮೇಲೆ ಹೊರಡಲು ನೋಡಿದರೆ ಎಂಜಿನ್ನೇ ನಿದ್ದೆಹೋಗಿತ್ತು. ಇನ್ನೊಂದು ಸಲ ಬಲಗಾಲು ಹಳೆಯ ಅಭ್ಯಾಸದಂತೆ ಪಕ್ಕದ ಸೀಟಿನ ಬ್ರೇಕು ಹುಡುಕಿಕೊಂಡು ಹೊರಟು, ಕಾರು ಮರಳಿನಲ್ಲಿ ಹೂತು ನಿಂತಿತು. ಮತ್ತೊಮ್ಮೆ ನೀಲಿ ಬಾವುಟ ತೋರಿಸಿದರು. ಹಿಂದೆ ವೇಗದ ಕಾರು ಬರುತ್ತಿದೆ, ದಾರಿ ಬಿಡು ಎಂದರ್ಥ. ಮಾವ ದಾರಿಯನ್ನು ಎಷ್ಟು ಪೂರ್ತಿಯಾಗಿ ಬಿಟ್ಟುಕೊಟ್ಟನೆಂದರೆ, ಹುಲ್ಲುಗಾವಲು ದಾಟಿ ಬೇಲಿಯ ಹತ್ತಿರ ಸಿಕ್ಕ. ಉಳಿದದ್ದು ಆ ವರ್ಷದ ಕೊನೆಯ ವಾರಾಂತ್ಯ. ಅಜ್ಜಿ ಬೇರೆ ಪಟ್ಟು ಹಿಡಿದಿದ್ದಳು: “ಈ ಸಲ ನಾನೂ ಬರ್ತೀನಿ. ಕುರ್ಚಿ ಸಮೇತ ಎತ್ಕೊಂಡು ಹೋಗಿ.”

ಅತ್ತೆ ಗಂಡನಿಗೆ ಒಂದೇ ಮಾತು ಹೇಳಿದಳು: “ಗೆಲ್ಲೋದೇನೂ ಬೇಡ. ಮುಗಿಸ್ಕೊಂಡು ಬನ್ನಿ, ಅಷ್ಟೇ. ಆ ಚೀಟಿ ಕಿತ್ತಾಕಿದ್ರೆ ಅಮ್ಮನಿಗೆ ಹೇಳಿದ ಸುಳ್ಳೂ ಅದರ ಜೊತೆಗೇ ಹೋಗುತ್ತೆ.”

ಶನಿವಾರ ತಪಾಸಣೆ. ಮಾವನ ರೇಸಿನ ಉಡುಪು ಯಾರೋ ದಢೂತಿಯೊಬ್ಬರು ಬಿಟ್ಟದ್ದು. ಅತ್ತೆ ಎಷ್ಟು ಹಿಡಿದು ಹೊಲಿದರೂ ಮಾವ ಅದರೊಳಗೆ, ಗವಸು ದೊಡ್ಡದಾದ ದಿಂಬಿನಂತೆ ಒಂದು ಮೂಲೆಯಲ್ಲಿದ್ದ. ತಪಾಸಣೆಯವನು ಸುತ್ತ ಬಂದು, “ಒಳಗೆ ಇನ್ಯಾರಾದ್ರೂ ಇದ್ದಾರಾ?” ಎಂದು ಕೇಳಿದ. ಆಮೇಲೆ ಅಭ್ಯಾಸದ ಸುತ್ತುಗಳು. ಅವು ಮುಗಿದ ತಕ್ಷಣ ಕ್ಲಬ್ಬಿನ ಮುಖ್ಯಾಧಿಕಾರಿ, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಎಲ್ಲ ಕಡೆ ಹುಡುಕುವ ಮನುಷ್ಯ, ಮಾವನನ್ನು ಕರೆಸಿದರು.

“ಏನ್ರೀ ಮೇಷ್ಟ್ರೇ, ತಿರುವು ಬಂದಾಗೆಲ್ಲ ಕೈ ಯಾಕ್ರೀ ಹೊರಗೆ ಚಾಚ್ತೀರಿ?”

“ಬಲಕ್ಕೆ ತಿರುಗ್ತಿದ್ದೆ ಸಾರ್.”

“ಎಲ್ರೂ ಬಲಕ್ಕೇ ತಿರುಗ್ತಾರೆ ಕಣ್ರೀ! ರಸ್ತೆಯೇ ಬಲಕ್ಕಿದೆ!”

“ಹಾಗಂತ ಹಿಂದಿನವರಿಗೆ ಹೇಳದೆ ತಿರುಗೋಕಾಗುತ್ತಾ ಸಾರ್?”

ಅಧಿಕಾರಿ ನಿಯಮದ ಪುಸ್ತಕ ತಿರುವಿಹಾಕಿದರು. ಈ ಪ್ರಶ್ನೆಗೆ ಅವರ ಹತ್ತಿರ ನಿಯಮವಿರಲಿಲ್ಲ. “ಹೋಗಿ” ಎಂದರು.

ಅಭ್ಯಾಸದಲ್ಲಿ ಮಾವ ಎಲ್ಲರಿಗಿಂತ ಕೊನೆಯಲ್ಲಿದ್ದ. ಆದರೆ ಎಂಜಿನ್ನು ಒಮ್ಮೆಯೂ ನಿಂತಿರಲಿಲ್ಲ. “ಎರಡನೇ ಮಹಡಿಯಲ್ಲೇ ಇದ್ರಿ ಮೇಷ್ಟ್ರೇ” ಎಂದ ಲಿಫ್ಟಣ್ಣ ಗೇರಿನ ವಿಷಯವಾಗಿ. “ನಾಳೆ ಧೈರ್ಯ ಮಾಡಿ ಮೂರಕ್ಕೆ ಬನ್ನಿ. ಬಾಗಿಲು ನಾನು ಹಿಡ್ಕೊಂಡಿರ್ತೀನಿ.”

ಸಂಜೆ ಅಡುಗೆಮನೆಯಲ್ಲಿ ಬಾವುಟದ ಪಾಠ ನಡೆಯಿತು. ಮಾವ ಕುಳ್ಳ ಸ್ಟೂಲಿನ ಮೇಲೆ ಕಾಲು ಚಾಚಿ, ಪಾತ್ರೆಯ ಮುಚ್ಚಳವನ್ನು ಸ್ಟಿಯರಿಂಗು ಮಾಡಿಕೊಂಡು ಕೂತ. ಅತ್ತೆ ಒಲೆಯ ಮುಂದೆ ನಿಂತು ಬಟ್ಟೆಗಳನ್ನು ಬೀಸಿದಳು. ನೀಲಿ ಟವೆಲು.

“ದಾರಿ ಬಿಡು!” ಎಂದ ಮಾವ.

“ದಾರಿ ಬಿಡಿ. ಊರು ಬಿಡಬೇಡಿ” ಎಂದು ತಿದ್ದಿದಳು ಅತ್ತೆ. ಚೌಕಳಿಯ ಮೇಜುಬಟ್ಟೆ.

“ರೇಸು ಮುಗೀತು!”

“ಅಲ್ಲೀವರೆಗೆ ಹೋಗ್ಬೇಕು, ನೆನಪಿರಲಿ.” ಹಳದಿ ಬಟ್ಟೆಗಾಗಿ ಹುಡುಕಿ, ಸಿಗದೆ, ಅತ್ತೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಜ್ಜಿಯ ಹೆಗಲಿಂದ ಹಳದಿ ಶಾಲನ್ನೇ ಎಳೆದು ಬೀಸಿದಳು.

“ಮುಂದೆ ಅಪಾಯ! ಎಲ್ಲರೂ ನಿಧಾನ! ಯಾರೂ ಯಾರನ್ನೂ ದಾಟೋ ಹಾಗಿಲ್ಲ!” ಎಂದು ಮಾವ ಹಾಡಿದಂತೆ ಹೇಳಿದ. ಅವನಿಗೆ ಅತಿ ಪ್ರಿಯವಾದ ಬಾವುಟ ಅದು. ಇಡೀ ಲೋಕಕ್ಕೆ ಅದೊಂದೇ ಸಾಕಿತ್ತು ಎನ್ನುವಂತೆ ನೋಡಿದ. ಅಜ್ಜಿ ಕಣ್ಣುಬಿಟ್ಟು, “ಚಳಿ ಕಣೇ, ಕೊಡೇ ಇಲ್ಲಿ” ಎಂದು ಶಾಲನ್ನು ಕಿತ್ತುಕೊಂಡಳು.

ಆಗ ಬಾಗಿಲಲ್ಲಿ ಫೇಲ್ ತಾತ ಕಾಣಿಸಿಕೊಂಡರು. ಎದುರು ಮನೆಯವರು, ಲೈಸೆನ್ಸು ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಸರ್ವೀಸಿನಲ್ಲಿ ಅವರು ‘ಪಾಸ್’ ಎಂದದ್ದನ್ನು ಕೇಳಿದವರು ಸಿಗುವುದು ಕಷ್ಟ. ಮಾವನನ್ನು ಅವನ ಹರೆಯದಲ್ಲಿ ಅವರು ಫೇಲ್ ಮಾಡಿದ್ದರು, ‘ಅತಿ ವಿನಯ’ ಎಂಬ ಕಾರಣಕ್ಕೆ. ಅವನಿಗೆ ಲೈಸೆನ್ಸು ಸಿಕ್ಕಿದ್ದು ಇವರು ರಜೆ ಹಾಕಿದ ದಿನ. ಆಮೇಲೆ ಮಾವನ ಶಿಷ್ಯರನ್ನೂ ತಪ್ಪದೆ ಫೇಲ್ ಮಾಡಿದರು. ರಸ್ತೆಯ ಮೇಲಿನ ಯಾವ ಗುರುತಿನ ಅರ್ಥವೂ ಅವರಿಗೆ ಗೊತ್ತಿಲ್ಲದ್ದಲ್ಲ.

“ಬನ್ನಿ ಬನ್ನಿ” ಎಂದಳು ಅಜ್ಜಿ. “ನಿಮಗಂತೂ ಗೊತ್ತಿರ್ಬೇಕು. ನನ್ನ ಮಗನ ಕಾರಿಗೆ ಇಂಟು ಮಾರ್ಕು ಕೊಟ್ಟಿದ್ದಾರಲ್ಲ, ಅದು ಎಷ್ಟು ದೊಡ್ಡ ಗೌರವ, ಈ ಮೊಮ್ಮಗಳಿಗೆ ಸ್ವಲ್ಪ ಹೇಳಿ.”

ಸ್ಟೂಲಿನ ಮುಂದೆ ಚಾಚಿದ್ದ ಮಾವನ ಬಲಗಾಲು ದಡಕ್ಕನೆ ಬ್ರೇಕು ಒತ್ತಿತು. ಅತ್ತೆಯ ಕೈಯಲ್ಲಿ ಮೇಜುಬಟ್ಟೆ ಹಾಗೇ ನಿಂತಿತು. ಫೇಲ್ ತಾತ ಮಾವನನ್ನು ನೋಡಿದರು. ಅವರ ಮೀಸೆಯ ಒಂದು ತುದಿ ಹಿಗ್ಗಿನಿಂದ ಮೇಲಕ್ಕೆದ್ದಿತು. ಆಮೇಲೆ ಅವರು ಅಜ್ಜಿಯನ್ನು ನೋಡಿದರು. ಕುರ್ಚಿಯ ತುದಿಗೆ ಸರಿದು, ಶಾಲನ್ನು ಎರಡೂ ಕೈಯಲ್ಲಿ ಹಿಡಿದು, ಕಥೆಯ ಮುಂದಿನ ಭಾಗಕ್ಕೆ ಕಾದ ಮಗುವಿನಂತೆ ಅವಳು ಕೂತಿದ್ದಳು. ಮೀಸೆ ಕೆಳಗಿಳಿಯಿತು.

“ಅದನ್ನ... ಬಹಳ ಕಡಿಮೆ ಜನಕ್ಕೆ ಕೊಡ್ತಾರಮ್ಮಾ” ಎಂದರು. ಆಮೇಲೆ, “ಒಂದು ಲೋಟ ನೀರು” ಎಂದರು. ನಿಯಮವನ್ನು ಬಗ್ಗಿಸಿ ಅಭ್ಯಾಸವಿಲ್ಲದ ಗಂಟಲು ಪಾಪ ಒಣಗಿಹೋಗಿತ್ತು.

ಭಾನುವಾರ ನಾವೆಲ್ಲ ಹೊರಟೆವು. ವಾಕರನ್ನು ಅತ್ತೆ ಕಾಲುಚೀಲ ತೆಗೆದು ಸದ್ದಿಲ್ಲದೆ ಡಿಕ್ಕಿಯಲ್ಲಿ ಹಾಕಿದಳು. “ಅದು ಯಾಕೆ?” ಎಂದಳು ಅಜ್ಜಿ. “ಛತ್ರಿ ಒರಗಿಸೋಕೆ” ಎಂದಳು ಅತ್ತೆ. ಟ್ರ್ಯಾಕಿನ ಕೊನೆಯ ತಿರುವಿನ ಬೇಲಿಯ ಪಕ್ಕ ಲಿಫ್ಟಣ್ಣ ಮತ್ತು ಫೇಲ್ ತಾತ ಸೇರಿ ಅಜ್ಜಿಯನ್ನು ಕುರ್ಚಿ ಸಮೇತ ಇಳಿಸಿದರು. ಸಾಲಾಗಿ ನಿಂತ ಕಾರುಗಳು ಗುರ್ರೆನ್ನುತ್ತಿದ್ದವು. ನನಗೆ ಅವು ಅಜ್ಜಿಯ ಕಥೆಯ, ಮೂಗಿನಿಂದ ಹೊಗೆ ಬಿಡುವ ಕುದುರೆಗಳಂತೆಯೇ ಕಂಡವು. ಎಲ್ಲಕ್ಕಿಂತ ಹಿಂದಿನ ಕುದುರೆಯ ಮೇಲೆ ದೊಡ್ಡ ಕುಂಬಳಕಾಯಿಯಂಥ ಹೆಲ್ಮೆಟ್ಟು ನಮ್ಮ ಕಡೆ ತಿರುಗಿ, ಕೈಯೆತ್ತಿ ಟಾಟಾ ಮಾಡಿತು. ಅಷ್ಟರಲ್ಲಿ ತಡೆದು ನಿಲ್ಲಿಸಿದ್ದ ಕೆಂಪು ದೀಪ ಆರಿ ಎಲ್ಲರೂ ಹೊರಟುಹೋದರು. ಕುಂಬಳಕಾಯಿ ಗಾಬರಿಯಿಂದ ಹಿಂಬಾಲಿಸಿತು.

“ಯಾಕೆ ಹಿಂದಿದ್ದಾನೆ?” ಎಂದಳು ಅಜ್ಜಿ.

“ಗೌರವಸ್ಥರು ಮೆರವಣಿಗೆಯಲ್ಲಿ ಕೊನೆಗೇ ಬರೋದು” ಎಂದರು ಫೇಲ್ ತಾತ. ನಿನ್ನೆಯ ನೀರು ಅವರ ಗಂಟಲನ್ನು ಸರಾಗ ಮಾಡಿತ್ತು.

ಮಾವ ಸುತ್ತಿದ. ಒಂದೊಂದು ಸಲ ತಿರುವಿಗೆ ಬಂದಾಗಲೂ ಕೈ ಚಾಚಿದ, ಕನ್ನಡಿ ನೋಡಿದ, ಆಮೇಲೆ ತಿರುಗಿದ. ಎಂಜಿನ್ನು ನಿಲ್ಲಲಿಲ್ಲ, ಮರಳು ಸಿಗಲಿಲ್ಲ. ಅತ್ತೆ ಪ್ರತಿ ಸಲವೂ “ಹೋದ್ರು... ಹೋದ್ರು... ಸದ್ಯ” ಎಂದು ಉಸಿರು ಬಿಡುತ್ತಿದ್ದಳು. ಎಲ್ಲರಿಗಿಂತ ಮುಂದಿದ್ದವಳು ಕ್ಲಬ್ಬಿನ ಒಬ್ಬ ಹಲ್ಲಿನ ಡಾಕ್ಟರು, ಕೆಂಪು ಕಾರು. ಅವಳ ಹಿಂದೆ ಉಳಿದವರ ಗುಂಪು. ಕೊನೆಯ ಸುತ್ತು ಎಂಬ ಫಲಕ ಬೀಳುವ ಹೊತ್ತಿಗೆ ಆ ಗುಂಪು ಟ್ರ್ಯಾಕನ್ನೆಲ್ಲ ಸುತ್ತಿ, ಒಂದು ಸುತ್ತು ಹಿಂದೆ ಉಳಿದಿದ್ದ ಮಾವನ ಬೆನ್ನಿಗೇ ಬಂದುಬಿಟ್ಟಿತ್ತು. ನಮ್ಮ ತಿರುವಿನಿಂದ ನೋಡಿದರೆ ಕಂಡದ್ದಿಷ್ಟೇ: ಮುಂದೆ ಮಾವ, ಹಿಂದೆ ಲೋಕವೆಲ್ಲ.

“ನೋಡಿದ್ಯಾ!” ಅಜ್ಜಿ ನನ್ನ ಮೊಣಕೈ ಹಿಂಡಿದಳು. “ಮುಂದೆ ಬಂದ! ನನ್ನ ಮಗ ಎಲ್ಲರಿಗಿಂತ ಮುಂದೆ ಬಂದ!”

“ಅಮ್ಮಾ, ಅದು ಮುಂದೆ ಅಲ್ಲ, ಅದು...” ಎಂದು ಅತ್ತೆ ಬಾಯಿ ತೆರೆದಳು. ಫೇಲ್ ತಾತ ಕೈಯೆತ್ತಿ ಅವಳನ್ನು ನಿಲ್ಲಿಸಿದರು. ವಾಹನ ನಿಲ್ಲಿಸುವುದರಲ್ಲಿ ಅವರಿಗೆ ಅನುಭವವಿತ್ತು.

ಆದರೆ ಅಜ್ಜಿಯ ಮುಖ ಕೆಂಪಾಗತೊಡಗಿತು. “ಏನಿದು, ಆ ಕೆಂಪು ಕಾರಿನೋರು ಅವನ ಬೆನ್ನಿಗೇ ಅಂಟ್ಕೊಂಡಿದ್ದಾರಲ್ಲ? ಗುರುತು ಕಾಣಲ್ವಾ? ದೂರ ಇರ್ಬೇಕು ಅಂತ ನಿಯಮ ತಾನೇ? ಯಾರೂ ಹೇಳೋರಿಲ್ವಾ ಇಲ್ಲಿ? ಲೋ! ದೂರ ಇರ್ರೋ!”

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ, ಆದರೂ ಯಾರಿಗೆ ಹೇಳಿದರೂ ಅಜ್ಜಿಯ ಕಥೆ ಹೇಳುತ್ತಿದ್ದೇನೆ ಅನ್ನುತ್ತಾರೆ. ಅವಳು ಒಂದು ಕೈಯಲ್ಲಿ ಬೇಲಿ ಹಿಡಿದಳು, ಇನ್ನೊಂದು ಕೈಯಲ್ಲಿ ಹೆಗಲ ಮೇಲಿನ ಹಳದಿ ಶಾಲನ್ನು ಎಳೆದಳು, ಜೋರಾಗಿ ಬೀಸತೊಡಗಿದಳು.

ಮಾವನಿಗೆ ಹಳದಿ ಕಂಡಿತು. ಹಳದಿ ಕಂಡಮೇಲೆ ಅವನು ಬೇರೇನನ್ನೂ ನೋಡುವವನಲ್ಲ. ಬಲಗಾಲು ಈ ಸಲ ನಿಜವಾದ ಬ್ರೇಕನ್ನೇ ಹುಡುಕಿ ಮೃದುವಾಗಿ ಒತ್ತಿತು. ಕೈ ಹೊರಗೆ ಬಂದು, ರಸ್ತೆಯಲ್ಲಿ ಮಾಡುವಂತೆ, ‘ನಿಧಾನ, ನಿಧಾನ’ ಎಂದು ಮೇಲೆ ಕೆಳಗೆ ಆಡಿತು. ಹಿಂದಿದ್ದ ಹಲ್ಲಿನ ಡಾಕ್ಟರೂ ಹಳದಿ ಕಂಡು ನಿಧಾನಿಸಿದಳು. ಅಡ್ಡದಾರಿಯಿಲ್ಲ, ಹಳದಿ ಕಂಡಾಗ ದಾಟುವಂತಿಲ್ಲ. ಮುಂದಿನ ಬಾವುಟದವನು, ಇಲ್ಲೇನೋ ಅನಾಹುತವಾಗಿದೆ, ತನಗೊಬ್ಬನಿಗೇ ಕಂಡಿಲ್ಲ ಎಂದು ಹೆದರಿ ತಾನೂ ಹಳದಿ ಬೀಸಿದ. ಅವನನ್ನು ನೋಡಿ ಅವನಾಚೆಯವನೂ ಬೀಸಿದ. ಆಕಾಶ ಹರಿಯುವಂತೆ ಬಂದ ಕುದುರೆಗಳೆಲ್ಲ ಸಾಲುಗಟ್ಟಿ, ಶಾಲೆ ಬಿಟ್ಟ ಮಕ್ಕಳ ಹಾಗೆ ಒಂದರ ಹಿಂದೆ ಒಂದು, ನಿಧಾನಿ ಮೇಷ್ಟ್ರ ಹಿಂದೆ ನಡೆದವು. ಆ ಮೆರವಣಿಗೆ ಗೆರೆ ದಾಟಿತು. ಚೌಕಳಿ ಬಾವುಟದವನು ಬಾಯಿ ತೆರೆದುಕೊಂಡೇ ಎಲ್ಲರಿಗೂ ಬಾವುಟ ಬೀಸಿದ. ಮಾವ ಅವನಿಗೆ ಕೈಮುಗಿದು ಮುಂದೆ ಹೋದ.

“ಗೆದ್ದ!” ಎಂದು ಅಜ್ಜಿ ಕುರ್ಚಿಯಲ್ಲಿ ಕುಸಿದಳು.

ಸ್ವಲ್ಪ ಹೊತ್ತಿಗೆಲ್ಲ ನಾವು ಮುಖ್ಯಾಧಿಕಾರಿಯ ಕೋಣೆಯಲ್ಲಿದ್ದೆವು. ಅಜ್ಜಿ ಕುರ್ಚಿ ಸಮೇತ. ಮಾವ ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ನಿಂತಿದ್ದ. ಕಿಟಕಿಯಾಚೆ ರೇಸುಗಾರರೆಲ್ಲ ಗುಂಪುಗೂಡಿದ್ದರು. ಅಧಿಕಾರಿ ಹಣೆಯ ಮೇಲಿನ ಕನ್ನಡಕವನ್ನು ಮೇಜಿನ ಮೇಲೆ ತಡಕಾಡುತ್ತಾ ಕೂಗಿದರು.

“ಅಪಾಯವಿಲ್ಲದೆ ಹಳದಿ ಬೀಸೋ ಹಾಗಿಲ್ಲ! ನಾನು ಈ ರೇಸನ್ನೇ ರದ್ದು ಮಾಡ್ಬೇಕಾಗುತ್ತೆ! ರದ್ದು ಅಂದ್ರೆ ಯಾರೂ ಓಡಿಲ್ಲ, ಯಾರೂ ಮುಗಿಸಿಲ್ಲ!”

ಅತ್ತೆ ಕಣ್ಣು ಮುಚ್ಚಿಕೊಂಡಳು. ಹೆಲ್ಮೆಟ್ಟಿನೊಳಗಿಂದ ಸಣ್ಣ ನಿಟ್ಟುಸಿರು ಕೇಳಿಸಿತು. ಮುಂದಿನ ವರ್ಷದ ಬೆಂಚು, ಬೆನ್ನಿನ ಚೀಟಿ, ಕಿಟಕಿಯಿಂದ ಬೀದಿಗೆಲ್ಲ ಹಬ್ಬಿದ ಸುಳ್ಳು, ಎಲ್ಲ ಆ ಉಸಿರಲ್ಲಿತ್ತು.

“ಯಾಕಮ್ಮಾ ಬೀಸಿದ್ರಿ?”

“ಅವರೆಲ್ಲ ನನ್ನ ಮಗನ ಬೆನ್ನಿಗೇ ಬಿದ್ದಿದ್ರು. ನಿಧಾನ ಅಂದೆ. ತಪ್ಪಾ?”

“ಅಲ್ಲಿ ಅಪಾಯ ಏನಿತ್ತು, ಅದನ್ನ ಹೇಳಿ! ಅಪಾಯ ಇತ್ತು ಅಂತ ತೋರಿಸಿದ್ರೆ ಹಳದಿ ಸರಿ, ರೇಸೂ ಸರಿ!”

ಆಗ ಮೂಲೆಯಿಂದ ಫೇಲ್ ತಾತ ಗಂಟಲು ಸರಿಮಾಡಿಕೊಂಡರು.

“ಇತ್ತು.”

“ಏನು?”

“ಈ ತಾಯಿ ಸೊಂಟ ಮುರಿದಾಗಿಂದ ಕುರ್ಚಿ ಬಿಟ್ಟು ತಾನಾಗಿ ಎದ್ದಿಲ್ಲ. ಹಳದಿ ಬೀಸಿದಾಗ ಎರಡು ಕಾಲ ಮೇಲೆ ನಿಂತಿದ್ರು. ಟ್ರ್ಯಾಕಿನ ಪಕ್ಕ. ಒಂದು ಕೈಯಲ್ಲಿ ಬೇಲಿ ಹಿಡ್ಕೊಂಡು. ನಾನು ಸರ್ವೀಸಿನಲ್ಲಿ ಎಷ್ಟೋ ಅಪಾಯ ನೋಡಿದ್ದೀನಿ ಸ್ವಾಮೀ, ಇಷ್ಟು ದೊಡ್ಡದು ನೋಡಿಲ್ಲ.”

ಎಲ್ಲರೂ ಅಜ್ಜಿಯ ಕಾಲನ್ನು ನೋಡಿದೆವು. ಅಜ್ಜಿಯೂ ನೋಡಿಕೊಂಡಳು, ಯಾರದೋ ಕಾಲೆಂಬಂತೆ. “ನಿಂತಿದ್ನಾ ನಾನು?” ಎಂದು ಅತ್ತೆಯನ್ನು ಕೇಳಿದಳು. ಅತ್ತೆ ಹೌದೆಂದು ತಲೆಯಾಡಿಸಿದಳು.

ಅಧಿಕಾರಿಗೆ ಕೊನೆಗೂ ಕನ್ನಡಕ ಸಿಕ್ಕಿತು. ಅದನ್ನು ಹಾಕಿಕೊಂಡು ಅಜ್ಜಿಯನ್ನು ನೋಡಿದರು, ಕಿಟಕಿಯಾಚೆ ಹಲ್ಲಿನ ಡಾಕ್ಟರನ್ನು ನೋಡಿದರು. ಗೆದ್ದವಳು ಅವಳೇ. ಅವಳು ಎರಡೂ ಹೆಬ್ಬೆರಳೆತ್ತಿ ನಕ್ಕಳು. “ಸರಿ. ಅಪಾಯ ಇತ್ತು. ಹಳದಿ ಸರಿ. ರೇಸು ಮುಗಿದಿದೆ. ಮೇಷ್ಟ್ರೇ, ನೀವೂ ಮುಗಿಸಿದ್ದೀರಿ. ಹೋಗಿ, ಆ ಚೀಟಿ ಕಿತ್ತುಹಾಕಿ.”

ಲಿಫ್ಟಣ್ಣ ಕೂಗಿಕೊಂಡು ಮಾವನ ಹೆಲ್ಮೆಟ್ಟನ್ನು ತಬ್ಬಿ ಮುದ್ದಿಟ್ಟ. ಫೇಲ್ ತಾತ ಹತ್ತಿರ ಬಂದರು. “ಕೈ ತೋರಿಸಿದ್ರಿ. ಕನ್ನಡಿ ನೋಡಿದ್ರಿ. ಹಳದಿಗೆ ನಿಧಾನಿಸಿದ್ರಿ” ಎಂದರು. ಆಮೇಲೆ, ಬಹಳ ದಿನದಿಂದ ತುಕ್ಕು ಹಿಡಿದ ಬಾಗಿಲನ್ನು ತೆರೆದಂತೆ, “ಪಾಸ್” ಎಂದರು.

“ತಾಳಿ, ತಾಳಿ” ಎಂದಳು ಅಜ್ಜಿ. “ಗೌರವದ ಗುರುತು ಯಾಕೆ ಕೀಳ್ಬೇಕು? ಗೆದ್ದೋನಿಗೆ ಶಿಕ್ಷೆಯಾ?”

ಮಾವ ಹೆಲ್ಮೆಟ್ಟು ತೆಗೆದ. ಬೆವರಿನಲ್ಲಿ ಕೂದಲು ಹಣೆಗಂಟಿ ಅವನು ಚಿಕ್ಕ ಹುಡುಗನಂತೆ ಕಂಡ. ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. “ಅಮ್ಮಾ, ನಾನು ಗೆದ್ದಿಲ್ಲ. ಎಲ್ಲರಿಗಿಂತ ಕೊನೆ. ಅದು ಗೌರವದ ಗುರುತೂ ಅಲ್ಲ. ಕಲಿಯೋರ ಗುರುತು.”

“ಕಲಿಯೋರದ್ದಾ?”

“ಹೂಂ.”

“ಕಲಿಯೋರ ಹತ್ರ ಯಾರೂ ನುಗ್ಗಬೇಡಿ, ದೂರ ಇರಿ ಅಂತಲಾ?”

“ಹೂಂ ಅಮ್ಮಾ.”

ಅಜ್ಜಿ ಕೊಂಚ ಹೊತ್ತು ಶಾಲಿನ ಅಂಚನ್ನು ಮಡಿಸಿದಳು, ಬಿಡಿಸಿದಳು. ಕಥೆಯ ನಡುವೆ ಹಾಗೆ ನಿಲ್ಲಿಸಿದಾಗ ಮುಂದೆ ಏನು ಬರುತ್ತದೆಂದು ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ, ಅಂದೂ ಗೊತ್ತಾಗಲಿಲ್ಲ.

“ಮತ್ತೆ ಅದು ಗೌರವವೇ ತಾನೇ?” ಎಂದಳು. “ಸುಳ್ಳು ಎಲ್ಲಿ ಹೇಳ್ದೆ ನೀನು? ಹೋಗು, ಹರಿಯದ ಹಾಗೆ ಕಿತ್ಕೊಂಡು ಬಾ. ಮತ್ತೆ ಡಿಕ್ಕಿಯಲ್ಲಿ ಛತ್ರಿ ಒರಗಿಸೋ ಗಾಡಿ ಇದೆಯಲ್ಲ, ಅದನ್ನೂ ತಗೊಂಡು ಬಾ.”

ಚೀಟಿಯನ್ನು ಅಜ್ಜಿ ತಾನೇ ವಾಕರಿನ ಮುಂದುಗಡೆ ಅಂಟಿಸಿ, ಅಂಗೈಯಿಂದ ಒತ್ತಿ ಒತ್ತಿ ಸುಕ್ಕು ತೆಗೆದಳು. ಎದ್ದಳು. ಬಾಗಿಲಲ್ಲಿ ನಿಂತಿದ್ದ ರೇಸುಗಾರರಿಗೆ, “ನಡೀರಪ್ಪಾ, ದೂರ. ಗುರುತು ಕಾಣಲ್ವಾ?” ಎಂದಳು. ಹಲ್ಲಿನ ಡಾಕ್ಟರು ಮೊದಲು ಪಕ್ಕಕ್ಕೆ ಸರಿದಳು, ಆಮೇಲೆ ಎಲ್ಲರೂ. ನಡುವೆ ದಾರಿಯಾಯಿತು. ಆ ದಾರಿಯಲ್ಲಿ ಅಜ್ಜಿ, ತಿರುವು ಬಂದಲ್ಲಿ ಒಂದು ಕೈಬಿಟ್ಟು ಬಲಕ್ಕೆ ಚಾಚಿ ತೋರಿಸುತ್ತಾ, ಟಕ್, ಟಕ್ ಎಂದು ಹೊರಟಳು. ಪಕ್ಕದಲ್ಲೇ ಮಾವ ನಡೆಯುತ್ತಿದ್ದ. ಅವಳು ಒಂದೊಂದು ಹೆಜ್ಜೆ ಇಟ್ಟಾಗಲೂ ಅವನ ಬಲಗಾಲು ನೆಲದ ಮೇಲೆ ಇಲ್ಲದ ಬ್ರೇಕನ್ನು ಮೆಲ್ಲಗೆ ಒತ್ತುತ್ತಿತ್ತು.